ವಕೀಲರ ಮನೆಯ ಜಗಲಿ

ಹೊಸಪೇಟೆಯ ಹಳೇ ಓಣಿಗಳಲ್ಲಿ ವಕೀಲರ ಮನೆ ಯಾವುದೆಂದು ತಿಳಿಯಲು ಬೋರ್ಡು ಓದಬೇಕಾಗಿರಲಿಲ್ಲ. ಬೆಳಗ್ಗೆ ಏಳಕ್ಕೆಲ್ಲ ಜಗಲಿಯ ಮೇಲೆ ಜನ ಕೂತಿರುತ್ತಿದ್ದರು. ರುಮಾಲು ಸುತ್ತಿದ ಮುದುಕರು, ಹೆಗಲ ಮೇಲೆ ಟವೆಲ್ ಹಾಕಿಕೊಂಡ ನಡುವಯಸ್ಸಿನವರು, ಸೆರಗಿನ ತುದಿಯಲ್ಲಿ ದುಡ್ಡು ಗಂಟು ಹಾಕಿಕೊಂಡ ಹೆಂಗಸರು. ಎಲ್ಲರ ಕೈಯಲ್ಲೂ ಒಂದು ಬಟ್ಟೆಚೀಲ. ಅದರೊಳಗೆ ಪಹಣಿ, ಕಂದಾಯದ ರಸೀದಿ, ಮುತ್ತಾತನ ಕಾಲದ ಕ್ರಯಪತ್ರ, ಮಡಿಕೆಯಲ್ಲೆಲ್ಲ ಹರಿದುಹೋದ ಪ್ರೋನೋಟು. ಕಂಪ್ಲಿಯವರು, ದರೋಜಿಯವರು, ಕಮಲಾಪುರದವರು, ನಮ್ಮ ವಡ್ಡಿನವರು. ಹಿಂದಿನ ಸಂಜೆಯೇ ತೋರಣಗಲ್ಲಿನಲ್ಲಿ ರೈಲು ಹತ್ತಿ ಬಂದು, ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿ ಉಂಡು, ಅದೇ ಜಗಲಿಯ ಮೇಲೆ ಮಲಗಿ ಎದ್ದವರೂ ಅವರಲ್ಲಿರುತ್ತಿದ್ದರು. ಅವರನ್ನು ಯಾರೂ ಏಳಿಸುತ್ತಿರಲಿಲ್ಲ. ಕೇಳದಿದ್ದರೂ ಒಳಗಿನಿಂದ ಒಂದು ತಂಬಿಗೆ ನೀರು ಬರುತ್ತಿತ್ತು.

ಆ ಜಗಲಿಗಳು ಈಗ ಹೋಗುತ್ತಿವೆ. ವಕೀಲರೇನೂ ಕಡಿಮೆಯಾಗಿಲ್ಲ, ಹಿಂದಿಗಿಂತ ಹೆಚ್ಚೇ ಇದ್ದಾರೆ, ಕೋರ್ಟುಗಳೂ ಹೆಚ್ಚಿವೆ. ಆದರೆ ಹಳ್ಳಿಯವನೊಬ್ಬ ತನ್ನ ತಂಟೆಯನ್ನು ಮೊದಲಿನಿಂದ ಕೊನೆಯವರೆಗೆ, ತನ್ನದೇ ಮಾತಿನಲ್ಲಿ, ಅವಸರವಿಲ್ಲದೆ ಹೇಳಿಕೊಳ್ಳಲು ಪೇಟೆಯಲ್ಲಿ ಇದ್ದ ಒಂದೇ ಒಂದು ಜಾಗ ಅದಾಗಿತ್ತು. ವಕೀಲಿಕೆಯ ಅರ್ಧ ಕೆಲಸ ಆ ಜಗಲಿಯ ಮೇಲೆ ನಡೆಯುತ್ತಿತ್ತು ಎಂದು ನಾನು ನಂಬಿದ್ದೇನೆ. ಉಳಿದರ್ಧವನ್ನು ಕೋರ್ಟಿನೊಳಗೆ ಮಾಡುತ್ತಿದ್ದರು, ಅದು ಈಗಲೂ ನಡೆಯುತ್ತಿದೆ.

ವಡ್ಡು ಇರುವುದು ಬಳ್ಳಾರಿಗೂ ಹೊಸಪೇಟೆಗೂ ನಡುವೆ, ತೋರಣಗಲ್ಲಿನ ಮಗ್ಗುಲಲ್ಲಿ. ತಾಲ್ಲೂಕು ಸಂಡೂರು. ಹೀಗಾಗಿ ನಮ್ಮ ಊರಿನವರಿಗೆ ಮೂರು ಊರಿನ ಕೋರ್ಟುಗಳ ಮೆಟ್ಟಿಲೂ ಗೊತ್ತು, ಮೂರು ಊರಿನ ವಕೀಲರ ಹೆಸರೂ ಗೊತ್ತು. ತಾತನ ಜೊತೆ ಹುಡುಗನಾಗಿ ನಾನು ಹೋಗುತ್ತಿದ್ದದ್ದು ಹೊಸಪೇಟೆಗೆ. ತಾತನಿಗೂ ಅವನ ದಾಯಾದಿಗೂ ಬದುವಿನ ತಕರಾರು. ಇಬ್ಬರೂ ಒಂದೇ ರೈಲಿಗೆ ಹೊರಟು, ಒಂದೇ ಡಬ್ಬಿಯಲ್ಲಿ ಎದುರುಬದುರು ಕೂತು, ಹೊಸಪೇಟೆಯಲ್ಲಿ ಇಳಿದು, ಬೇರೆ ಬೇರೆ ಓಣಿ ಹಿಡಿದು ಬೇರೆ ಬೇರೆ ಜಗಲಿಗಳ ಮೇಲೆ ಕೂರುತ್ತಿದ್ದರು. ಸಂಜೆ ಮತ್ತೆ ಒಂದೇ ರೈಲು.

ತಾತನ ವಕೀಲರು ಮೊದಲು ಕೇಸಿನ ಸುದ್ದಿ ಎತ್ತುತ್ತಿರಲಿಲ್ಲ. “ಏನ್ರೀ ಗೌಡ್ರೆ, ನಿಮ್ ಕಡಿ ಮಳಿ ಹೆಂಗೈತಿ?” ಎಂದೇ ಶುರು. ಶೇಂಗಾ ಬಿತ್ತಿದರೋ ಹತ್ತಿ ಬಿತ್ತಿದರೋ, ಎತ್ತು ಯಾರಲ್ಲಿವೆ, ಮಗಳಿಗೆ ಗಂಡು ಗೊತ್ತಾಯಿತೋ ಎಂದು ವಿಚಾರಿಸುತ್ತಿದ್ದರು. ಸೌಜನ್ಯಕ್ಕೆ ಕೇಳುವ ಮಾತು ಅಂತ ಆಗ ಅಂದುಕೊಂಡಿದ್ದೆ. ಆ ಪ್ರಶ್ನೆಗಳಲ್ಲೇ ಅವರ ಕಸುಬು ಇತ್ತು ಅಂತ ತಿಳಿಯಲು ನನಗೂ ವಯಸ್ಸಾಗಬೇಕಾಯಿತು. ಮಳೆ ಬಿದ್ದಿದೆಯೆಂದರೆ ಸಾಕ್ಷಿದಾರರು ಹೊಲ ಬಿಟ್ಟು ಬರಲಾರರು, ಸುಗ್ಗಿಯ ನಂತರಕ್ಕೆ ವಾಯಿದೆ ಕೇಳಬೇಕು. ಬೆಳೆ ಕೈಕೊಟ್ಟಿದೆಯೆಂದರೆ ಫೀಜು ಕೇಳಬಾರದು. ಎತ್ತು ದಾಯಾದಿಯ ಕೊಟ್ಟಿಗೆಯಲ್ಲೇ ಇನ್ನೂ ಇವೆಯೆಂದರೆ ಜಗಳ ಮನಸ್ಸಿನೊಳಕ್ಕೆ ಇಳಿದಿಲ್ಲ, ರಾಜಿಯಾಗುವ ಸಾಧ್ಯತೆ ಇದೆ. ತಾತನ ಕೇಸು ಮುಗಿದದ್ದೂ ಹಾಗೆಯೇ. ಎದುರು ವಕೀಲರ ಮನೆ ಎರಡು ಓಣಿ ಆಚೆ. ಒಂದು ಸಂಜೆ ಇಬ್ಬರು ವಕೀಲರೂ ಇಬ್ಬರು ಮುದುಕರನ್ನೂ ಕೂರಿಸಿಕೊಂಡು ಮಾತಾಡಿದರು. ಮುಂದಿನ ತಾರೀಖಿಗೆ ರಾಜಿ ಅರ್ಜಿ ಹಾಕಿದರು. ಬದು ಎಲ್ಲಿತ್ತೋ ಅದಕ್ಕಿಂತ ಒಂದು ಮೊಳ ಆಚೆ ಬಂತು. ತಾತ ಸೋತೆನೆಂದು ಯಾವತ್ತೂ ಹೇಳಲಿಲ್ಲ.

ಜಗಲಿಯ ನಿಜವಾದ ಒಡೆಯ ಗುಮಾಸ್ತ. ವಕೀಲಿಕೆಯ ಚರಿತ್ರೆ ಬರೆದವರೆಲ್ಲ ಬ್ಯಾರಿಸ್ಟರರ ಬಗ್ಗೆ ಬರೆದಿದ್ದಾರೆ, ಹೈಕೋರ್ಟಿನ ವಾದಗಳ ಬಗ್ಗೆ ಬರೆದಿದ್ದಾರೆ. ಗುಮಾಸ್ತನ ಬಗ್ಗೆ ಬರೆದವರನ್ನು ನಾನು ಕಂಡಿಲ್ಲ. ಅವನು ಕಾನೂನು ಓದಿದವನಲ್ಲ. ಆದರೆ ವಕಾಲತ್ತಿನ ಮೇಲೆ ಎಷ್ಟು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಬೇಕು, ನಕಲು ಅರ್ಜಿ ಯಾವ ಕಿಟಕಿಯಲ್ಲಿ ಕೊಡಬೇಕು, ಅಮೀನ ಸಮನ್ಸ್ ತೆಗೆದುಕೊಂಡು ಯಾವ ದಿನ ಯಾವ ಹಳ್ಳಿಯ ಕಡೆ ಹೋಗುತ್ತಾನೆ, ಶಿರಸ್ತೇದಾರರು ಆಕ್ಷೇಪಣೆ ಹಾಕಿ ದಾವೆಯನ್ನು ವಾಪಸ್ ಕೊಟ್ಟರೆ ಎಷ್ಟು ದಿನದೊಳಗೆ ತಿದ್ದಿ ಕೊಡಬೇಕು, ಇದೆಲ್ಲ ಅವನ ಬಾಯಲ್ಲಿತ್ತು. ದಾವೆಯ ಕಟ್ಟನ್ನು ಅವನು ಕಟ್ಟುವ ರೀತಿಯೇ ಒಂದು ವಿದ್ಯೆ: ಮೇಲೆ ಕೆಳಗೆ ರಟ್ಟು, ನಡುವೆ ಬಿಳಿ ದಾರ, ಬೆನ್ನಿನ ಮೇಲೆ ಅಸಲು ದಾವೆಯ ನಂಬರು, ವರ್ಷ, ಇಬ್ಬರ ಹೆಸರು, ಕೆಳಗೆ ತಾರೀಖುಗಳ ಸಾಲು. ಒಂದು ತಾರೀಖು ಹೊಡೆದು ಇನ್ನೊಂದು, ಅದನ್ನು ಹೊಡೆದು ಮತ್ತೊಂದು. ಹತ್ತು ವರ್ಷದ ಕೇಸಿನ ಬೆನ್ನಲ್ಲಿ ಬರೆಯಲು ಜಾಗ ಸಾಲದೆ ಚೀಟಿ ಅಂಟಿಸಿರುತ್ತಿದ್ದ.

ಅವನ ಡೈರಿ ಇನ್ನೂ ದೊಡ್ಡದು. ಪ್ರತಿ ದಿನದ ಹಾಳೆಯಲ್ಲಿ ಆ ದಿನದ ಕೇಸುಗಳು, ಪಕ್ಕದಲ್ಲಿ ಅವನಿಗೆ ಮಾತ್ರ ಅರ್ಥವಾಗುವ ಗುರುತುಗಳು. ಸಾಕ್ಷಿಗೆ ಒಂದು, ವಾದಕ್ಕೆ ಒಂದು, ಹಣ ಬಾಕಿಯಿದ್ದರೆ ಇನ್ನೊಂದು. ಫೋನಿಲ್ಲದ ಕಾಲದಲ್ಲಿ ಮುಂದಿನ ತಾರೀಖನ್ನು ಹಳ್ಳಿಗೆ ಮುಟ್ಟಿಸುವುದೂ ಅವನದೇ ಹೊಣೆ. ಪೋಸ್ಟ್ ಕಾರ್ಡು ಬರೆಯುತ್ತಿದ್ದ. ಅವಸರವಿದ್ದರೆ ಬಸ್ ಸ್ಟ್ಯಾಂಡಿಗೆ ಹೋಗಿ ಆ ಊರಿನವರು ಯಾರಾದರೂ ಇದ್ದಾರೆಯೇ ನೋಡಿ ಬಾಯಿಮಾತಿನಲ್ಲಿ ಹೇಳಿ ಕಳಿಸುತ್ತಿದ್ದ. “ವಡ್ಡಿನ ಗೌಡ್ರಿಗೆ ಹೇಳ್ರಿ, ಬರೋ ಹದಿನಾಲ್ಕಕ್ಕ ಬರ್ಲೇಬೇಕಂತ.” ಆ ಸುದ್ದಿ ತಪ್ಪುತ್ತಿರಲಿಲ್ಲ.

ವಕೀಲರ ಕಸುಬಿಗೆ ಒಂದು ಹಿನ್ನೆಲೆ ಇದೆ, ಅದು ನಮ್ಮ ನೆಲದಲ್ಲೇ ಬೇರುಬಿಟ್ಟದ್ದು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಾಗ ಅರಮನೆಯ ಬಳಿ ಕಂಬಗಳ ದೊಡ್ಡ ಸಭಾಂಗಣವೊಂದನ್ನು ಕಂಡ. ಎತ್ತರದ ಪೀಠದ ಮೇಲೆ ದಣ್ಣಾಯಕ ಒಬ್ಬನೇ ಕೂತಿದ್ದ. ದೂರು ಇದ್ದವನು ದಂಡಧಾರಿಗಳ ಸಾಲಿನ ನಡುವೆ ನಡೆದು ಬಂದು, ಸಣ್ಣದೊಂದು ಕಾಣಿಕೆ ಇಟ್ಟು, ಅಡ್ಡಬಿದ್ದು, ಎದ್ದು ನಿಂತು ತನ್ನ ಸಂಕಟವನ್ನು ತಾನೇ ಹೇಳಿಕೊಳ್ಳುತ್ತಿದ್ದ. ಆ ವರ್ಣನೆಯಲ್ಲಿ ನಡುವೆ ಮಾತಾಡುವವರು ಯಾರೂ ಇಲ್ಲ. ಅಲ್ಲಿನ ಬರವಣಿಗೆಯನ್ನೂ ಅವನು ಗಮನಿಸಿದ್ದಾನೆ: ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು ಒಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆದುಕಲ್ಲಿನ ಕಡ್ಡಿಯಿಂದ ಬರೆಯುವುದು ಇನ್ನೊಂದು. ನಮ್ಮ ಶಾನುಭೋಗರು ಮೊನ್ನೆ ಮೊನ್ನೆಯವರೆಗೆ ಲೆಕ್ಕ ಇಟ್ಟ ಕಡತಗಳೂ ಈ ಬಗೆಯವೇ.

ಹಂಪಿಯಲ್ಲಿ ವಕೀಲರು ಇಲ್ಲದಿದ್ದರೂ ಕಾನೂನಿನ ಪಂಡಿತರು ಇದ್ದರು. ಬುಕ್ಕರಾಯನ ಮಂತ್ರಿಯಾಗಿದ್ದ ಮಾಧವಾಚಾರ್ಯರು ಪರಾಶರ ಸ್ಮೃತಿಗೆ ವ್ಯಾಖ್ಯಾನ ಬರೆದರು. ಮೂಲ ಸ್ಮೃತಿಯಲ್ಲಿ ವ್ಯವಹಾರದ, ಅಂದರೆ ದಾವೆಗಳ, ಭಾಗವೇ ಇರಲಿಲ್ಲ. ಅದನ್ನು ಅವರೇ ಸೇರಿಸಿದರು. ಅದಕ್ಕೂ ಇನ್ನೂರೈವತ್ತು ವರ್ಷ ಹಿಂದೆ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದಿದ್ದ. ಬ್ರಿಟಿಷರು ಕೋರ್ಟು ತೆರೆದ ಮೇಲೆ ಹಿಂದೂಗಳ ಪಾಲುದಾವೆಗಳನ್ನು ಈ ಪುಸ್ತಕಗಳನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಿದರು. ಮಾಧವರ ಗ್ರಂಥದ ದಾಯವಿಭಾಗವನ್ನು ಎ.ಸಿ. ಬರ್ನೆಲ್ 1868ರಲ್ಲಿ ಇಂಗ್ಲಿಷಿಗೆ ತಂದರು. ಹೀಗೆ ಹಂಪಿಯಲ್ಲಿ ಕೂತು ಒಬ್ಬರು ಬರೆದದ್ದು, ಐದು ಶತಮಾನ ದಾಟಿ, ಮದ್ರಾಸಿನ ನ್ಯಾಯಾಧೀಶರ ಮೇಜಿನ ಮೇಲೆ ಬಂತು. ಕಮಲಾಪುರದ ಅಣ್ಣತಮ್ಮಂದಿರು ಗದ್ದೆ ಹಂಚಿಕೊಳ್ಳಲಾರದೆ ಮುನ್ಸೀಫ್ ಕೋರ್ಟಿಗೆ ಬಂದಾಗ ಅವರಿಗೆ ಅನ್ವಯವಾಗುತ್ತಿದ್ದದ್ದು ಅದೇ ನೆಲದಲ್ಲಿ ಹುಟ್ಟಿದ ಕಾನೂನು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ವಕೀಲಿಕೆ ಕಸುಬಾಗಿ ಬಂದದ್ದು ಕಂಪನಿಯ ಜೊತೆಗೆ. ಬಂಗಾಳದಲ್ಲಿ 1793ರಲ್ಲಿ, ಮದ್ರಾಸಿನಲ್ಲಿ 1802ರಲ್ಲಿ ರೆಗ್ಯುಲೇಷನ್ ಮೂಲಕ ಕೋರ್ಟಿನ ವಕೀಲರನ್ನು ನೇಮಿಸುವ ಪದ್ಧತಿ ಶುರುವಾಯಿತು. ನಮ್ಮ ಸೀಮೆ ನಿಜಾಮನಿಂದ ಕಂಪನಿಯ ಕೈಸೇರಿದ್ದು 1800ರಲ್ಲಿ. 1807ರವರೆಗೆ ಥಾಮಸ್ ಮನ್ರೋ ಇಲ್ಲಿ ಕಲೆಕ್ಟರು. ಹಳ್ಳಿಯ ತಕರಾರು ಹಳ್ಳಿಯಲ್ಲೇ ಮುಗಿಯಬೇಕು ಎಂಬ ಅವನ ಹಟ 1816ರ ರೆಗ್ಯುಲೇಷನ್ನುಗಳಲ್ಲಿ ಕಾಣುತ್ತದೆ: ಹಳ್ಳಿಯ ಮುಖ್ಯಸ್ಥನಿಗೇ ಸಣ್ಣ ಮೊತ್ತದ ದಾವೆ ತೀರ್ಮಾನಿಸುವ ಅಧಿಕಾರ, ಊರ ಪಂಚಾಯಿತಿಗೆ ಮಾನ್ಯತೆ, ಅದರ ಮೇಲೆ ಜಿಲ್ಲಾ ಮುನ್ಸೀಫರು. ಪಂಚಾಯಿತಿಗಳು ಅವನು ಅಂದುಕೊಂಡಂತೆ ನಡೆಯಲಿಲ್ಲ. ಜನ ಮುನ್ಸೀಫರ ಬಾಗಿಲಿಗೇ ಹೋದರು. ಊರ ಹಿರಿಯರ ಮುಂದೆ ಸಿಗದ ನ್ಯಾಯ ಪರಊರಿನ ಅಧಿಕಾರಿಯ ಮುಂದೆ ಸಿಕ್ಕೀತು ಎಂಬ ಆಸೆ ಆಗಲೇ ಹುಟ್ಟಿತ್ತು. ಆ ಆಸೆಯೇ ವಕೀಲನನ್ನೂ ಸಾಕಿತು.

1879ರ ಕಾಯ್ದೆಯಲ್ಲಿ ಪ್ಲೀಡರು, ಮುಖ್ತಾರರು, ರೆವಿನ್ಯೂ ಏಜೆಂಟರು ಎಂದು ಅಂತಸ್ತುಗಳಾದವು. ಮದ್ರಾಸ್ ಸೀಮೆಯಲ್ಲಿ ಫಸ್ಟ್ ಗ್ರೇಡ್, ಸೆಕೆಂಡ್ ಗ್ರೇಡ್ ಪ್ಲೀಡರುಗಳಿದ್ದರು. 1961ರ ವಕೀಲರ ಕಾಯ್ದೆ ಬಂದ ಮೇಲೆ ಎಲ್ಲರೂ ಅಡ್ವೊಕೇಟರಾದರು. ನಮ್ಮ ಹಿರಿಯರ ಬಾಯಲ್ಲಿ ಮಾತ್ರ ಕೊನೆಯವರೆಗೂ “ಪ್ಲೀಡರ್ ಸಾಹೇಬ್ರು” ಉಳಿದಿತ್ತು.

ಸಂಡೂರಿನದು ಬೇರೆಯೇ ಕಥೆ. ಸುತ್ತ ಬೆಟ್ಟ, ಒಳಗೆ ಘೋರ್ಪಡೆಯವರ ಪುಟ್ಟ ಸಂಸ್ಥಾನ. ಭೀಮಗಂಡಿ ದಾಟಿ ಒಳಗೆ ಹೋದರೆ ಮದ್ರಾಸ್ ಹೈಕೋರ್ಟಿನ ಆಜ್ಞೆ ನಡೆಯುತ್ತಿರಲಿಲ್ಲ. ಅಲ್ಲಿ ಸಂಸ್ಥಾನದ್ದೇ ನ್ಯಾಯ. 1949ರ ಏಪ್ರಿಲ್ 1ರಂದು ಸಂಡೂರು ಮದ್ರಾಸಿಗೆ ಸೇರಿತು. ನಾಲ್ಕೂವರೆ ವರ್ಷ ತುಂಬುವಷ್ಟರಲ್ಲಿ, 1953ರ ಅಕ್ಟೋಬರ್ 1ಕ್ಕೆ, ಬಳ್ಳಾರಿಯ ಕನ್ನಡ ತಾಲ್ಲೂಕುಗಳೆಲ್ಲ ಮೈಸೂರಿಗೆ ಬಂದವು. ಆ ದಿನದಿಂದ ಅಪೀಲು ಹಾಕುವವರು ಮದ್ರಾಸಿನ ರೈಲು ಬಿಟ್ಟು ಬೆಂಗಳೂರಿನ ರೈಲು ಹಿಡಿದರು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಬಂದ ಮೇಲೆ ಅದೂ ತಪ್ಪಿತು. ಒಂದೇ ಮನೆತನದ ಆಸ್ತಿಯ ಮೇಲೆ ಸಂಸ್ಥಾನದ ಅಧಿಕಾರಿ, ಮದ್ರಾಸ್, ಬೆಂಗಳೂರು, ಧಾರವಾಡ, ಹೀಗೆ ನಾಲ್ಕು ಕಡೆಯ ಮೊಹರು ಬೀಳಬಹುದಾಗಿದ್ದ ಸೀಮೆ ಇದು. ಈ ಕಾಗದಗಳನ್ನೆಲ್ಲ ಓದಿ ಹೇಳಬಲ್ಲವರು, ಮದ್ರಾಸಿನ ಇಂಗ್ಲಿಷನ್ನೂ ಕರಣಂ ಬರೆದ ಮೋಡಿ ಅಕ್ಷರದ ಕನ್ನಡವನ್ನೂ ತೆಲುಗನ್ನೂ ಬಲ್ಲವರು, ಈ ಜಗಲಿಯವರೇ ಆಗಿದ್ದರು. ಅಂಥವರು ಈಗ ಬೆರಳೆಣಿಕೆಯಷ್ಟೂ ಇಲ್ಲ.

ಬಳ್ಳಾರಿ ಸೀಮೆಯ ವಕೀಲರ ಬಗ್ಗೆ ಹೇಳುವಾಗ ನಾಟಕದ ಸುದ್ದಿ ಎತ್ತದಿದ್ದರೆ ಮಾತು ಪೂರ್ತಿಯಾಗದು. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಬಳ್ಳಾರಿಯಲ್ಲಿ ವಕೀಲರು. ಸರಸ ವಿನೋದಿನಿ ಸಭಾ ಕಟ್ಟಿ ತೆಲುಗು ರಂಗಭೂಮಿಗೇ ಹೊಸ ದಾರಿ ಹಾಕಿದರು. ಕೋಲಾಚಲಂ ಶ್ರೀನಿವಾಸರಾಯರು (1854–1919) ಕೂಡ ಅದೇ ಊರಿನಲ್ಲಿ ವಕೀಲರು; ಅವರು ಸುಮನೋರಮಾ ಸಭಾ ನಡೆಸಿದರು, ವಿಜಯನಗರದ ಪತನದ ಮೇಲೆ ರಾಮರಾಜನ ನಾಟಕ ಬರೆದರು. ಒಂದೇ ಬಾರಿನ ಇಬ್ಬರು ವಕೀಲರು ಒಂದೇ ಪೇಟೆಯಲ್ಲಿ ಎರಡು ನಾಟಕ ಸಭೆಗಳನ್ನು ಪೈಪೋಟಿಯಲ್ಲಿ ನಡೆಸುತ್ತಿದ್ದ ಕಾಲವನ್ನು ಊಹಿಸಿಕೊಳ್ಳಿ. ಆಮೇಲೆ ಬಂದವರು ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವ (1880–1946). ಮದ್ರಾಸಿನಲ್ಲಿ ಕಾನೂನು ಓದಿ ಬಂದು ಕ್ರಿಮಿನಲ್ ಕೇಸುಗಳಲ್ಲಿ ಹೆಸರು ಮಾಡಿದರು, ಪಬ್ಲಿಕ್ ಪ್ರಾಸಿಕ್ಯೂಟರ್ ಆದರು. ರಾಮರಾಜನ ನಾಟಕದಲ್ಲಿ ಪಠಾಣ್ ರುಸ್ತುಂ ಆಗಿ ಅವರು ರಂಗಕ್ಕೆ ಬಂದದ್ದನ್ನು ಕಂಡವರು ಜೀವನಪೂರ್ತಿ ಹೇಳಿಕೊಂಡರು. ವಿಲಾಯಿತಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಮಾತಾಡಿ ಬಂದರು. ಕೋರ್ಟಿನಲ್ಲಿ ದುಡಿದದ್ದನ್ನು ರಂಗಕ್ಕೆ ಸುರಿದರು. ಬಳ್ಳಾರಿಯ ರಾಘವ ಕಲಾಮಂದಿರ ಅವರ ಹೆಸರಿನದು.

ಆ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. ಹೂವಿನಹಡಗಲಿಯಲ್ಲಿ ವಕೀಲಿಕೆ ಮಾಡಿದ ಎಂ.ಪಿ. ಪ್ರಕಾಶ್ (1940–2011) ಮಂತ್ರಿಯಾದರು, ಉಪಮುಖ್ಯಮಂತ್ರಿಯೂ ಆದರು, ಆದರೆ ಹಡಗಲಿಯವರಿಗೆ ಅವರು ರಂಗಭಾರತಿ ಕಟ್ಟಿದವರು. ವಕೀಲನಿಗೂ ನಟನಿಗೂ ಎಲ್ಲಿಯ ನಂಟು ಎಂದು ಕೇಳುವವರಿಗೆ ಜಗಲಿಯನ್ನೇ ತೋರಿಸಬೇಕು. ದಿನವೂ ಹತ್ತು ಜನರ ಹತ್ತು ಸಂಕಟ ಕೇಳುವವನು, ಅವರ ದನಿ, ತಡವರಿಕೆ, ಸುಳ್ಳು ಹೇಳುವಾಗ ಕಣ್ಣು ಹೋಗುವ ದಿಕ್ಕು ಎಲ್ಲವನ್ನೂ ನೋಡುವವನು, ಸಂಜೆ ಬಣ್ಣ ಹಚ್ಚಿದರೆ ಅವನೊಳಗೆ ಅಷ್ಟು ಜನವೂ ಇರುತ್ತಾರೆ. ಇಂದು ತಾಲ್ಲೂಕಿನ ಯಾವ ಯುವ ವಕೀಲನಿಗೆ ಸಂಜೆಯ ಹೊತ್ತು ಬಿಡುವಿದೆ? ನಾಟಕ ಆಡುವುದು ಹಾಗಿರಲಿ, ನೋಡಲಾದರೂ?

ನೆಲದ ವಿಚಾರಕ್ಕೆ ಬಂದರೆ ನಮ್ಮ ಸೀಮೆಯಷ್ಟು ನೆಲ ಬಿಟ್ಟುಕೊಟ್ಟ ಸೀಮೆ ಕಡಿಮೆ. 1945ರಲ್ಲಿ ತುಂಗಭದ್ರೆಗೆ ಅಡ್ಡಕಟ್ಟೆಯ ಕೆಲಸ ಶುರುವಾಗಿ, 1953ರ ಹೊತ್ತಿಗೆ ಸುಮಾರು 90 ಹಳ್ಳಿಗಳು ನೀರಿನಡಿ ಹೋದವು. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು; ಕಾರ್ಖಾನೆ ಕಣ್ಣಿಗೆ ಕಂಡದ್ದು ಎರಡು ದಶಕ ಕಳೆದು, ತೊಂಬತ್ತರ ದಶಕದಲ್ಲಿ. ಭೂಸ್ವಾಧೀನದ ನೋಟಿಸು ಕೈಗೆ ಬಂದ ದಿನ ಓದುಬರಹ ಇಲ್ಲದ ರೈತ ಏನು ಮಾಡಬೇಕು? ಪರಿಹಾರದ ಹಣ ತೆಗೆದುಕೊಂಡರೆ ಒಪ್ಪಿದಂತಾಗುತ್ತದೆಯೇ? ಪ್ರತಿಭಟಿಸಿ ತೆಗೆದುಕೊಳ್ಳುವುದು ಎಂದರೇನು? 1894ರ ಕಾಯ್ದೆಯ 18ನೇ ಕಲಮಿನಲ್ಲಿ ಹೆಚ್ಚಿನ ಪರಿಹಾರಕ್ಕೆ ಅರ್ಜಿ ಹಾಕಲು ಗಡುವು ಇತ್ತು. ಗಡುವು ಮೀರಿದರೆ ಮುಗಿಯಿತು. ಆ ಒಂದು ಅರ್ಜಿ ಸಮಯಕ್ಕೆ ಬಿದ್ದದ್ದಕ್ಕೆ ಎಷ್ಟೋ ಮನೆಗಳು ಉಳಿದವು, ಬೀಳದ್ದಕ್ಕೆ ಎಷ್ಟೋ ಮನೆಗಳು ಕೈಚೆಲ್ಲಿದವು. ಅರ್ಜಿ ಬಿದ್ದ ಕಡೆಯೆಲ್ಲ ಯಾರೋ ಒಬ್ಬ ಗುಮಾಸ್ತ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸುದ್ದಿ ಕಳಿಸಿದ್ದ ಎಂದೇ ನಾನು ಅಂದುಕೊಳ್ಳುತ್ತೇನೆ.

ಒಂದು ವಿಚಿತ್ರ ಕಾಲವೂ ಬಂದು ಹೋಯಿತು. 1974ರಲ್ಲಿ ಉಳುವವನೇ ಹೊಲದೊಡೆಯ ಎಂದಾಗ, ಗೇಣಿದಾರರ ಅರ್ಜಿ ನೋಡಲು ಭೂ ನ್ಯಾಯಮಂಡಳಿಗಳಾದವು. ಅಲ್ಲಿಗೆ ವಕೀಲರು ಬರಕೂಡದೆಂದು ಕಾಯ್ದೆಯಲ್ಲೇ ಬರೆದಿತ್ತು. ಉದ್ದೇಶ ಒಳ್ಳೆಯದು: ಜಮೀನ್ದಾರನ ವಕೀಲನ ಮುಂದೆ ಬಡ ಗೇಣಿದಾರ ಬಾಯಿ ಬಿಡಲಾರ. ಸಂಡೂರಿನಲ್ಲಿ ಅದರ ಹಿಂದಿನ ವರ್ಷವಷ್ಟೇ ಭೂಹೋರಾಟ ನಡೆದಿತ್ತು, ಗೇಣಿದಾರರ ಎದೆಯಲ್ಲಿ ಧೈರ್ಯ ಇತ್ತು. 7ನೇ ನಮೂನೆ ತುಂಬಿಸಿಕೊಳ್ಳಲು ಜನ ಆಗಲೂ ಬಂದದ್ದು ಜಗಲಿಗೇ. ವಕೀಲ ಮಂಡಳಿಯ ಮುಂದೆ ನಿಲ್ಲುವಂತಿರಲಿಲ್ಲ, ಮನೆಯಲ್ಲಿ ಕೂತು ನಮೂನೆ ತುಂಬಿ, “ಸಾಹೇಬ್ರು ಕೇಳಿದ್ರ ಹಿಂಗ ಹೇಳು, ಹೆದರಬ್ಯಾಡ” ಎಂದು ಕಲಿಸಿ ಕಳಿಸುವುದನ್ನು ಯಾವ ಕಾಯ್ದೆ ತಡೆದೀತು? 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧ ನಿಲ್ಲುವಂಥದ್ದಲ್ಲ ಎಂದು ಹೇಳಿತು. ಅಷ್ಟರಲ್ಲಿ 7ನೇ ನಮೂನೆಗೆ ಕೊನೆಯ ದಿನವಾಗಿದ್ದ 1979ರ ಜೂನ್ 30 ಕಳೆದು ಎಂಟು ವರ್ಷವಾಗಿತ್ತು.

ಜಗಲಿಯನ್ನು ಹೊಗಳುವ ಭರದಲ್ಲಿ ಅದರ ಕೆಳಗೆ ನಿಂತವರನ್ನು ಮರೆಯಲಾರೆ. ಜಗಲಿಯ ಮೇಲೆ ಎಲ್ಲರೂ ಕೂರುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ದಲಿತ ಕಕ್ಷಿದಾರ ಅಂಗಳದಲ್ಲಿ ನಿಂತು, ಮೇಲೆ ಕೂತವರ ಮಾತೆಲ್ಲ ಮುಗಿದ ಮೇಲೆ ತನ್ನ ಮಾತು ಹೇಳಬೇಕಿತ್ತು. ತಂಬಿಗೆ ಅವನವರೆಗೆ ಇಳಿಯುತ್ತಿರಲಿಲ್ಲ. ಹೆಂಗಸರು ಬಂದರೂ ಅವರ ಪರವಾಗಿ ಅಣ್ಣನೋ ಮೈದುನನೋ ಮಾತಾಡುತ್ತಿದ್ದ. ಹೆಣ್ಣುಮಕ್ಕಳು ವಕೀಲರಾಗಬಹುದೆಂದು 1923ರಲ್ಲೇ ಕಾಯ್ದೆಯಾದರೂ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಕಪ್ಪು ಕೋಟು ತೊಟ್ಟ ಹೆಣ್ಣುಮಕ್ಕಳನ್ನು ಕಾಣಲು ಬಹಳ ಕಾಲ ಹಿಡಿಯಿತು. ಇಂದು ಆ ಅಂಗಳದಲ್ಲಿ ನಿಂತಿದ್ದವರ ಮೊಮ್ಮಕ್ಕಳು ಅದೇ ಕೋರ್ಟುಗಳಲ್ಲಿ ವಾದ ಮಾಡುತ್ತಿದ್ದಾರೆ. ಅವರಿಗೆ ಹಳೆಯ ಜಗಲಿ ಹೋದದ್ದು ನಷ್ಟವೆಂದು ಅನಿಸಬೇಕಾಗಿಲ್ಲ. ನನಗಿರುವ ನೋವು ಬೇರೆ: ಎಲ್ಲರೂ ಸಮನಾಗಿ ಕೂರಬಹುದಾದ ಕಾಲ ಬಂದಾಗ ಕೂರುವ ಜಾಗವೇ ಇಲ್ಲವಾಯಿತು.

ಹೇಗೆ ಇಲ್ಲವಾಯಿತು? ಒಂದೇ ಏಟಿಗಲ್ಲ. 1963ರಲ್ಲಿ ಶಾನುಭೋಗಿಕೆ ಹೋಯಿತು. ಹಳ್ಳಿಯ ಕಾಗದದ ನೆನಪು ಇಟ್ಟುಕೊಂಡವರು ಹೋದರು. ಕೈಬರಹದ ಪಹಣಿ ಹೋಗಿ ಭೂಮಿ ಯೋಜನೆಯ ಮುದ್ರಿತ ಪಹಣಿ ಬಂತು. ತೆಲಗಿ ಹಗರಣದ ನಂತರ 2003ರಲ್ಲಿ ಕರ್ನಾಟಕದಲ್ಲಿ ಛಾಪಾಕಾಗದವೇ ನಿಂತಿತು. ತಾಲ್ಲೂಕು ಕಚೇರಿಯ ಮುಂದೆ ಬೇವಿನ ಮರದಡಿ ಮೇಜು ಹಾಕಿಕೊಂಡು ಛಾಪಾಕಾಗದ ಮಾರುತ್ತಿದ್ದವರು, ಪಕ್ಕದಲ್ಲೇ ದುಂಡನೆಯ ಅಕ್ಷರದಲ್ಲಿ ಚಕ್ಕುಬಂದಿ ಬರೆಯುತ್ತಿದ್ದ ಪತ್ರಬರಹಗಾರರು, ಎರಡು ಕಾರ್ಬನ್ ಇಟ್ಟು ಕನ್ನಡ ಟೈಪ್‌ರೈಟರ್ ಕುಟ್ಟುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಪಕ್ಕದ ಒಗ್ಗಾಣಿ-ಮಿರ್ಚಿ ಬಂಡಿ ಮಾತ್ರ ಉಳಿದಿದೆ.

ಗಣಿಯ ಕಾಲದಲ್ಲಿ ಇನ್ನೊಂದು ಬದಲಾವಣೆ ಆಯಿತು. ನಮ್ಮ ಬೆಟ್ಟಗಳ ಕೇಸು ನಮ್ಮ ಕೋರ್ಟುಗಳಿಂದ ಬಹಳ ದೂರ ಹೋಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಸಮಾಜ ಪರಿವರ್ತನಾ ಸಮುದಾಯದ ಅರ್ಜಿಯ ಮೇಲೆ ಅಂತಿಮ ತೀರ್ಪು ಬಂತು. ಆ ತೀರ್ಪು ನಮ್ಮನ್ನು ಉಳಿಸಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಂಡೂರಿನ ಬೆಟ್ಟದ ಗಡಿಯ ಬಗ್ಗೆ ವಾದ ನಡೆದದ್ದು ದೆಹಲಿಯಲ್ಲಿ, ಭೀಮಗಂಡಿಯನ್ನು ಕಂಡಿರದ ಹಿರಿಯ ವಕೀಲರ ನಡುವೆ, ಉಪಗ್ರಹದ ಚಿತ್ರಗಳನ್ನು ಹರಡಿಕೊಂಡು. ಬೆಟ್ಟದ ಬುಡದ ಹೊಲದಲ್ಲಿ ಕೆಂಪು ಧೂಳು ಕೂತು ಮೆಣಸಿನಗಿಡ ಒಣಗಿದವನ ಮಾತು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅಫಿಡವಿಟ್ಟಿನ ಒಂದು ಸಾಲಾಗಿತ್ತು.

ಈಗ ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಮೊಬೈಲಿನಲ್ಲಿ ಅದನ್ನು ಒತ್ತಿದರೆ ಮುಂದಿನ ತಾರೀಖು, ಹಿಂದಿನ ಆದೇಶ ಎಲ್ಲ ಕಾಣುತ್ತದೆ. ವಡ್ಡಿನಲ್ಲಿ ಕೂತೇ ನೋಡಬಹುದು, ರೈಲು ಹತ್ತಬೇಕಾಗಿಲ್ಲ, ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಇದನ್ನು ಬೇಡವೆನ್ನುವಷ್ಟು ಕಲ್ಲುಮನಸ್ಸು ನನಗಿಲ್ಲ. ಒಂದು ವಾಯಿದೆಗಾಗಿ ದಿನವಿಡೀ ಕೋರ್ಟಿನ ಆವರಣದಲ್ಲಿ ಕಾದು, ದಲಾಯತನ ಕೂಗು ಕಿವಿಗೆ ಬೀಳದೆ ಗಾಬರಿಯಾದವರನ್ನು ಕಂಡಿದ್ದೇನೆ. ಆದರೆ ಆ ಪರದೆಯ ಮೇಲೆ ತಾರೀಖು ಕಂಡವನಿಗೆ, ಆ ತಾರೀಖಿಗೆ ಏನಾಗುತ್ತದೆ, ತಾನು ಗೆಲ್ಲುತ್ತೇನೆಯೇ, ರಾಜಿಯಾಗುವುದು ಒಳ್ಳೆಯದೇ ಎಂದು ಯಾರನ್ನು ಕೇಳಬೇಕೆಂದು ಗೊತ್ತಿಲ್ಲ. ವಕೀಲರ ಫೋನು ಕೋರ್ಟಿನ ವೇಳೆಯಲ್ಲಿ ಬಂದ್, ಸಂಜೆ ಬಿಜಿ. ವಕೀಲರನ್ನೂ ದೂರಲಾರೆ. ಬಾಡಿಗೆಯ ಚಿಕ್ಕ ಕೋಣೆಯಲ್ಲಿ ಎರಡು ಕುರ್ಚಿ ಹಾಕಿಕೊಂಡವರು ಹತ್ತು ಜನರನ್ನು ಎಲ್ಲಿ ಕೂರಿಸಿಯಾರು? ಲೋಕ ಅದಾಲತ್ತಿನಲ್ಲಿ ಒಂದೇ ದಿನ ನೂರಾರು ಕೇಸು ಮುಗಿಯುತ್ತವೆ. ತಾತನ ಬದು ಸರಿಯಲು ಒಂದು ಇಡೀ ಸಂಜೆ ಬೇಕಾಗಿತ್ತು, ಅದಕ್ಕೂ ಮುಂಚೆ ಎಷ್ಟೋ ಬೆಳಗುಗಳ ಮಾತು ಬೇಕಾಗಿತ್ತು.

2024ರ ಜುಲೈ 1ರಂದು ದಂಡಸಂಹಿತೆಯೇ ಬದಲಾಯಿತು. 1860ರಿಂದ ಇದ್ದ ನಂಬರುಗಳೆಲ್ಲ ಒಂದೇ ರಾತ್ರಿ ಹಳತಾದವು. 302 ಹೋಗಿ 103 ಆಯಿತು, 420 ಹೋಗಿ 318 ಆಯಿತು, ದಂಡಪ್ರಕ್ರಿಯಾ ಸಂಹಿತೆಯಲ್ಲಿದ್ದ ನಿಷೇಧಾಜ್ಞೆಯ 144 ಕೂಡ 163 ಆಯಿತು. ಹೊಸಪೇಟೆಯ ಒಬ್ಬ ವಯಸ್ಸಾದ ಗುಮಾಸ್ತರು ನನಗೆ ಹೇಳಿದರು: “ನೋಡ್ರೀ ತಮ್ಮಾ, ಐವತ್ತು ವರ್ಷ ಬಾಯಾಗ ಇದ್ದ ಲೆಕ್ಕ. ಈಗ ಹುಡುಗ್ರು ಮೊಬೈಲ್ನಾಗ ನೋಡಿ ಹೇಳ್ತಾರ. ನನ್ನ ಕೇಳೋರು ಯಾರೂ ಇಲ್ಲ.” ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರ ಮಗ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದಾನೆ. ಈ ಕಸುಬಿಗೆ ಬರಲಿಲ್ಲ, ಬರಬೇಕೆಂದು ಅವರೂ ಹೇಳಲಿಲ್ಲ.

ಅವರ ಮನೆಯ ಅಟ್ಟದ ಮೇಲೆ ಡೈರಿಗಳಿವೆ. ವಕೀಲರು ತೀರಿಕೊಂಡ ಮೇಲೆ ಮಕ್ಕಳು ಮನೆ ಮಾರುವಾಗ ಕೇಸಿನ ಕಟ್ಟುಗಳನ್ನು ರದ್ದಿಗೆ ಹಾಕಿದರಂತೆ. ಡೈರಿಗಳನ್ನು ಮಾತ್ರ ಇವರು ಕೇಳಿ ತಂದಿಟ್ಟುಕೊಂಡರು. ಇಂಥ ಅಟ್ಟಗಳು ಹೊಸಪೇಟೆ, ಸಂಡೂರು, ಬಳ್ಳಾರಿಯಲ್ಲಿ ಇನ್ನೂ ಹಲವು ಇರಬೇಕು. ಆ ಅಟ್ಟಗಳ ಮೇಲಿನ ಕಟ್ಟುಗಳಲ್ಲಿ ಏನಿದೆಯೆಂದು ಯೋಚಿಸಿ: ಮುಳುಗಿದ ಹಳ್ಳಿಗಳ ಸರ್ವೆ ನಂಬರು, ಬಾವಿ, ಮರಗಳ ಲೆಕ್ಕ, ಸಂಸ್ಥಾನದ ಸನದುಗಳ ನಕಲು, ರಾಯನ ಕಾಲುವೆಯ ನೀರಿನ ಪಾಳಿಯ ತಕರಾರು, ಕಟಕಟೆಯಲ್ಲಿ ನಿಂತು ಜನ ಆಡಿದ ಮಾತು ಆಡಿದಂತೆಯೇ ಬರೆದಿಟ್ಟ ಸಾಕ್ಷಿ ಹೇಳಿಕೆಗಳು. ನಮ್ಮ ಸೀಮೆಯ ರೈತ ತನ್ನ ಬದುಕಿನ ಬಗ್ಗೆ ಪ್ರಮಾಣ ಮಾಡಿ ಮಾತಾಡಿದ ಇಂಥ ದಾಖಲೆ ಬೇರೆ ಕಡೆ ಎಲ್ಲಿದೆ?

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕಮಲಾಪುರದ ಪಕ್ಕದಲ್ಲೇ ಇದೆ. ಅಲ್ಲಿನ ಹಸ್ತಪ್ರತಿ ವಿಭಾಗ ತಾಳೆಗರಿಗಳನ್ನೂ ಕಡತಗಳನ್ನೂ ಹಳ್ಳಿ ಹಳ್ಳಿಯಿಂದ ತಂದು ಕಾಪಾಡಿದೆ. ವಕೀಲರ ಕಟ್ಟುಗಳಿಗೂ ಗುಮಾಸ್ತರ ಡೈರಿಗಳಿಗೂ ಅಲ್ಲಿ ಒಂದು ಕೋಣೆ ಕೊಡಬೇಕು. ವಕೀಲರ ಸಂಘಗಳು ಮುಂದೆ ಬಂದು, ಕಕ್ಷಿದಾರರ ಗುಟ್ಟು ಕಾಯುವ ಷರತ್ತುಗಳನ್ನು ತಾವೇ ಬರೆದು, ಹಿರಿಯ ಸದಸ್ಯರ ಮನೆಯವರನ್ನು ಕೇಳಿ ಒಪ್ಪಿಸಬೇಕು. ಕಾಗದಗಳಿಗಿಂತ ಮೊದಲು ಆಗಬೇಕಾದದ್ದು ಗುಮಾಸ್ತರ ಮಾತನ್ನು ಧ್ವನಿಮುದ್ರಿಸುವ ಕೆಲಸ. ನಾನು ಹೇಳಿದ ಗುಮಾಸ್ತರಿಗೆ ಈಗ ಎಂಬತ್ತು ದಾಟಿದೆ. ಡೈರಿಯಲ್ಲಿನ ಆ ಗುರುತುಗಳ ಅರ್ಥ ಬಲ್ಲವರು ಅವರೊಬ್ಬರೇ.